ಹನ್ನೊಂದು ಸೆಕೆಂಡು

ಸ್ಟುಡಿಯೋದ ಒಳಗೆ ಬಂದ ಓಜೆಲ್ ಮೇಬ್ರಿ ಯಾರ ಕೈಯನ್ನೂ ಕುಲುಕಲಿಲ್ಲ, ಟೋಪಿಯನ್ನೂ ತೆಗೆಯಲಿಲ್ಲ. ಸ್ಯಾಕ್ಸೊಫೋನಿನ ಪೆಟ್ಟಿಗೆಯನ್ನು ಮೇಜಿನ ಮೇಲೆ, ಕ್ಲಿಫ್ಟನ್ ಸ್ಟ್ರೌಡರು ಜೋಡಿಸಿಟ್ಟಿದ್ದ ಕಾಗದಗಳ ಮೇಲೆಯೇ ಇಟ್ಟು, "ನೇರ ಪ್ರಸಾರ ತಾನೆ?" ಎಂದು ಕೇಳಿದರು.

"ನೇರ ಪ್ರಸಾರವೇ," ಎಂದರು ಸ್ಟ್ರೌಡ್.

"ಟೇಪು ಗೀಪು ಏನೂ ಇಲ್ವಲ್ಲ?"

"ಫೋನಲ್ಲಿ ನಾಲ್ಕು ಸಲ ಹೇಳಿದೀನಿ ಓಜೆಲ್."

"ಐದನೇ ಸಲ ಹೇಳು. ನಿನ್ನ ಮಾತನ್ನ ಎಣಿಸಿಟ್ಕೊಂಡರೇ ಒಳ್ಳೇದು."

೧೯೮೬ರ ಮಾರ್ಚ್ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಎರಡಕ್ಕೆ ಇನ್ನು ಐದು ನಿಮಿಷವಿತ್ತು. ಡೆಟ್ರಾಯ್ಟಿನ ನಮ್ಮ ಪುಟ್ಟ ರೇಡಿಯೋ ಕೇಂದ್ರದಲ್ಲಿ ಸ್ಟ್ರೌಡರ ಕಾರ್ಯಕ್ರಮ ಶುರುವಾಗಿ ಅಂದಿಗೆ ಮೂವತ್ತು ವರ್ಷ ತುಂಬಿತ್ತು. ಅದರ ಹೆಸರು 'ಊದಿದವರು, ಬಾರಿಸಿದವರು'. ಜಾಝ್ ವಾದಕರನ್ನು ಕರೆದು ಕೂರಿಸಿ, ಹುಟ್ಟಿದ ಊರು, ಕಲಿಸಿದವರು, ಸೇರಿದ ಬ್ಯಾಂಡು, ಬಿಟ್ಟ ಬ್ಯಾಂಡು ಎಲ್ಲವನ್ನೂ ಅವರ ಬಾಯಿಂದಲೇ ಹೇಳಿಸುವುದು ಸ್ಟ್ರೌಡರ ಕೆಲಸ. ನಾನು ಗಾಜಿನ ಈಚೆ ಕೂತು ಮೈಕುಗಳನ್ನು ತೆರೆಯುವವಳು, ಮುಚ್ಚುವವಳು. ಕಾಲೇಜಿನಲ್ಲಿ ಇತಿಹಾಸ ಓದಿದ್ದರೂ ಶಾಲೆಗಳಲ್ಲಿ ಕೆಲಸ ಸಿಗದೆ, ಈ ಕೇಂದ್ರಕ್ಕೆ ಟೈಪಿಸ್ಟಾಗಿ ಬಂದು ಟೇಪು ಕತ್ತರಿಸುವುದನ್ನು ಕಲಿತಿದ್ದೆ. ಟೇಪನ್ನು ಲೋಹದ ಪಟ್ಟಿಯ ತೋಡಿನಲ್ಲಿ ಮಲಗಿಸಿ, ಬೇಡದ ಮಾತಿನ ಎರಡೂ ತುದಿಗೆ ಬ್ಲೇಡಿನಿಂದ ಓರೆಯಾಗಿ ಕೊಯ್ದು, ಉಳಿದದ್ದನ್ನು ಅಂಟಿಸಬೇಕು. ನನ್ನ ಕೈ ಬಹಳ ಸ್ವಚ್ಛ ಎಂದು ಹೆಸರಿತ್ತು.

ಆ ಹೆಸರೇ ಒಬ್ಬರ ಬದುಕನ್ನು ಕೆಡಿಸಿತ್ತು.

ಅದಕ್ಕೆ ಇಪ್ಪತ್ತನಾಲ್ಕು ವರ್ಷದ ಹಿಂದೆ ಓಜೆಲ್ ಇದೇ ಕುರ್ಚಿಯಲ್ಲಿ ಕೂತು ಎರಡು ಗಂಟೆ ಮಾತಾಡಿದ್ದರು. ಆಗೆಲ್ಲ ಮೊದಲು ಟೇಪು ಮಾಡಿಕೊಂಡು, ಅರ್ಧ ಗಂಟೆಗೆ ಇಳಿಸಿ, ಆಮೇಲೆ ಪ್ರಸಾರ ಮಾಡುತ್ತಿದ್ದೆವು. ತಮ್ಮ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ಥರ್ಮನ್ ಕೇಟೋ ಬಗ್ಗೆ ಅವರು ಹೇಳಿದ್ದು ಹೀಗೆ: "ಥರ್ಮನ್ ಎಳೀತಾನೆ, ನಿಜ. ಆದ್ರೆ ಯಾಕೆ ಎಳೀತಾನೆ ಗೊತ್ತಾ? ನನಗೆ ಉಸಿರು ತಗೊಳ್ಳೋಕೆ ಜಾಗ ಬೇಕು ಅಂತ. ನಾನು ಬರೋವರೆಗೂ ಕಾದು ನಿಂತಿರ್ತಾನೆ. ಅಂಥವನು ಈ ಊರಲ್ಲಿ ಇನ್ನೊಬ್ಬನಿಲ್ಲ." ಎಲ್ಲ ಕತ್ತರಿಸಿದ ಮೇಲೂ ಕಾರ್ಯಕ್ರಮ ಹನ್ನೊಂದು ಸೆಕೆಂಡು ಉದ್ದವಾಗಿತ್ತು. "ಎಲ್ಲಾದ್ರೂ ತೆಗಿ ವರ್ನಾ," ಎಂದು ಹೇಳಿ ಸ್ಟ್ರೌಡ್ ಊಟಕ್ಕೆ ಹೋದರು. 'ನಿಜ' ಎಂಬಲ್ಲಿ ಮಾತು ಚೆನ್ನಾಗಿ ಮುಗಿದಂತೆ ಕೇಳಿಸಿತು. ನಾನು ಅಲ್ಲಿಗೆ ಬ್ಲೇಡು ಇಟ್ಟೆ.

ಡ್ರಮ್ಸ್ ಬಾರಿಸುವವನನ್ನು ಕುಡುಕ ಎನ್ನಿ, ಜಗಳಗಂಟ ಎನ್ನಿ, ನಕ್ಕು ಸುಮ್ಮನಾಗುತ್ತಾನೆ. ಲಯ ಎಳೆಯುತ್ತಾನೆ, ತಾಳಕ್ಕಿಂತ ಹಿಂದೆ ಬೀಳುತ್ತಾನೆ ಎಂದರೆ ಮುಗಿಯಿತು, ಅವನನ್ನು ಯಾವ ಬ್ಯಾಂಡೂ ಕರೆಯುವುದಿಲ್ಲ. ಅದನ್ನು ಹೇಳಿದವನು ಅವನ ಪಕ್ಕದಲ್ಲೇ ಒಂಬತ್ತು ವರ್ಷ ನುಡಿಸಿದವನಾದರೆ ಕೇಳುವುದೇ ಬೇಡ. ಬೇಸಿಗೆ ಬರುವಷ್ಟರಲ್ಲಿ ಥರ್ಮನ್ ಕೇಟೋ ಕಾರಿನ ಕಾರ್ಖಾನೆಯೊಂದಕ್ಕೆ ಸೇರಿದ್ದರು. ಓಜೆಲ್ ಥರ್ಮನ್ನರ ಮನೆಗೆ ಹೋದರೆ ಬಾಗಿಲು ತೆರೆಯಲಿಲ್ಲ. ಪತ್ರ ಬರೆದರೆ ಒಡೆಯದೆ ವಾಪಸು ಬಂತು. ನನಗೆ ವಿಷಯ ತಿಳಿದಾಗ ಸ್ಟ್ರೌಡರ ಹತ್ತಿರ ಹೋಗಿ, ಒಂದು ತಿದ್ದುಪಡಿ ಓದೋಣ ಎಂದೆ. "ತಪ್ಪು ಒಪ್ಪಿಕೊಳ್ಳೋ ರೇಡಿಯೋನ ಯಾರೂ ನಂಬಲ್ಲ ವರ್ನಾ," ಎಂದರು. ಕತ್ತರಿಸಿದ ಚೂರುಗಳು ಆಗಲೇ ಕಸಕ್ಕೆ ಹೋಗಿದ್ದವು. ನಾನು ಸುಮ್ಮನಾದೆ. ಕತ್ತರಿಸಿದ್ದು ಸ್ಟ್ರೌಡರೇ ಎಂದು ಓಜೆಲ್ ತಿಳಿದಿದ್ದರು. ಆಗಲೂ ನಾನು ಸುಮ್ಮನಿದ್ದೆ.

ಈಗ ಓಜೆಲರಿಗೆ ಎಪ್ಪತ್ತು. ಥರ್ಮನ್ ಪ್ರತಿ ಶನಿವಾರ ಈ ಕಾರ್ಯಕ್ರಮ ಕೇಳುತ್ತಾರೆಂದು ಅವರ ಹೆಂಡತಿ ಲರ್ಲೀನ್ ಚರ್ಚಿನಲ್ಲಿ ಯಾರಿಗೋ ಹೇಳಿದ್ದು ಓಜೆಲರ ಕಿವಿಗೆ ಬಿದ್ದಿತ್ತು. ಬಾಗಿಲು ಮುಚ್ಚುವವನು ರೇಡಿಯೋ ಮುಚ್ಚಲಾರ. ಕತ್ತರಿಸಿದ ಮಾತನ್ನು ಪೂರ್ತಿಯಾಗಿ ಥರ್ಮನ್ನರ ಕಿವಿಗೆ ಹಾಕಬೇಕು ಎಂಬುದೊಂದೇ ಅವರು ಬಂದ ಕಾರಣ. ಅದನ್ನು ಅವರು ಸ್ಟ್ರೌಡರಿಗೆ ಹೇಳಿರಲಿಲ್ಲ. ಹೇಳದಿದ್ದರೂ ಸ್ಟ್ರೌಡರಿಗೆ ಗೊತ್ತಿತ್ತು.

ಕೆಂಪು ದೀಪ ಹತ್ತಿತು.

"ನೀವು ಹುಟ್ಟಿದ್ದು ಅಲಬಾಮಾದಲ್ಲಿ, ಅಲ್ವೇ?" ರೇಡಿಯೋದಲ್ಲಿ ಸ್ಟ್ರೌಡ್ ಎಲ್ಲರಿಗೂ 'ನೀವು' ಎನ್ನುತ್ತಿದ್ದರು.

"ಹುಟ್ಟಿದ್ದೆ."

"ಯಾವ ಊರು?"

"ಈಗ ಅಲ್ಲಿ ಅಣೆಕಟ್ಟಿದೆ. ಊರಿಲ್ಲ."

"ನಿಮ್ಮ ಕೈಗೆ ಮೊದಲು ಸ್ಯಾಕ್ಸೊಫೋನ್ ಕೊಟ್ಟವರು ಯಾರು?"

"ಯಾರೂ ಕೊಡಲಿಲ್ಲ. ಚಿಕ್ಕಪ್ಪ ಜೈಲಿಗೆ ಹೋದ, ನಾನು ತಗೊಂಡೆ."

ಸ್ಟ್ರೌಡ್ ತಮ್ಮ ರೇಡಿಯೋ ನಗೆ ನಕ್ಕರು.

"ನಗೋದಲ್ಲ. ಮಾಡದೇ ಇರೋ ತಪ್ಪಿಗೆ ಹೋದ. ನಿನಗೆ ಅಂಥದ್ದು ತಮಾಷೆ ಅನ್ಸುತ್ತೆ ಅಂತ ನನಗೆ ಗೊತ್ತು."

ಸ್ಟ್ರೌಡ್ ಕಾಗದ ತಿರುಗಿಸಿದರು. ಡೆಟ್ರಾಯ್ಟಿಗೆ ಬಂದದ್ದು, ಹೇಸ್ಟಿಂಗ್ಸ್ ಬೀದಿಯ ಕ್ಲಬ್ಬುಗಳು, ಯುದ್ಧ, ಮೊದಲ ರೆಕಾರ್ಡು, ಒಂದಾದ ಮೇಲೊಂದು ಪ್ರಶ್ನೆ ಎಸೆದರು. ಓಜೆಲ್ ಪ್ರತಿಯೊಂದಕ್ಕೂ ಅಂಗಡಿಯವನು ಚಿಲ್ಲರೆ ಎಸೆದಂತೆ ಉತ್ತರ ಎಸೆದರು. ಕೊನೆಗೆ ಸ್ಟ್ರೌಡ್ ತಾವೇ ಎಡವಿದರು. ಮೂವತ್ತು ವರ್ಷದಿಂದ ಎಲ್ಲರನ್ನೂ ಕೇಳುತ್ತಿದ್ದ ಪ್ರಶ್ನೆ ಅಭ್ಯಾಸಬಲದಿಂದ ಬಾಯಿಗೆ ಬಂದುಬಿಟ್ಟಿತು.

"ಯಾರ ಜೊತೆ ನುಡಿಸಿದ್ದು ನಿಮಗೆ ಬಹಳ ಸಂತೋಷ ಕೊಟ್ಟಿದೆ?"

"ಥರ್ಮನ್ ಕೇಟೋ. ಅವನ ಬಗ್ಗೆ ನಾನು ಇಲ್ಲೇ ಕೂತು ಒಂದು ಮಾತು ಹೇಳಿದ್ದೆ, ಅದನ್ನ ನೀನು..."

"ಅವರಿಬ್ಬರೂ ಸೇರಿ ನುಡಿಸಿದ 'ಹೇಸ್ಟಿಂಗ್ಸ್ ಬೀದಿಯ ಕೊನೇ ಟ್ರಾಮು' ಈಗ ಕೇಳೋಣ," ಎಂದು ಸ್ಟ್ರೌಡ್ ನನ್ನತ್ತ ಬೆರಳು ಚಾಚಿದರು. ನಾನು ರೆಕಾರ್ಡು ತಿರುಗಿಸಿ ಮೈಕುಗಳನ್ನು ಮುಚ್ಚಿದೆ. ಮೂರು ನಿಮಿಷ ನಲವತ್ತು ಸೆಕೆಂಡು ಅವರ ಮಾತು ಊರಿಗೆ ಕೇಳದು. ನನಗೆ ಕೇಳುತ್ತದೆ.

"ಇದು ನನ್ನ ಮೂವತ್ತನೇ ವರ್ಷ," ಎಂದರು ಸ್ಟ್ರೌಡ್. "ಸಂಜೆ ಊರಿನ ದೊಡ್ಡವರೆಲ್ಲ ಬರ್ತಿದಾರೆ. ಇವತ್ತು ಇದನ್ನ ಎತ್ತಬೇಡ."

"ಥರ್ಮನ್ನನ ಇಪ್ಪತ್ತನಾಲ್ಕನೇ ವರ್ಷನೂ ಇವತ್ತೇ. ಅವನಿಗೂ ಯಾರಾದರೂ ಪಾರ್ಟಿ ಕೊಡ್ಲಿ."

"ಆ ಮಾತು ಹೇಳಿದ್ದು ನೀನು. ನಿನ್ನ ದನಿ, ನಿನ್ನ ನಾಲಿಗೆ."

"ನಾಲಿಗೆ ನಂದು, ಕತ್ತರಿಸಿದ್ದು ನೀನು. ಹೇಡಿ ನೀನು, ಕ್ಲಿಫ್ಟನ್. ಒಳ್ಳೇ ಸೂಟು ಹಾಕಿರೋ ಹೇಡಿ."

"ಇನ್ನೊಂದು ಸಲ ಬಾಯಿ ತೆಗೆದರೆ ಮೈಕು ಮುಚ್ಚಿಸ್ತೀನಿ."

"ಮುಚ್ಚಿಸು. ರಸ್ತೇಲಿ ನಿಂತು ಕೂಗ್ತೀನಿ. ನನ್ನ ಪುಪ್ಪುಸದ ಬಲ ನೀನು ನೋಡಿಲ್ಲ."

ಹೇಳುತ್ತಲೇ ಅವರಿಗೆ ಕೆಮ್ಮು ಬಂತು. ಬಗ್ಗಿ ಬಗ್ಗಿ ಕೆಮ್ಮಿದರು. ಸ್ಟ್ರೌಡ್ ಬಾಯಿಯಲ್ಲಿ ಏನೋ ಬಯ್ಯುತ್ತಲೇ ತಮ್ಮ ನೀರಿನ ಲೋಟವನ್ನು ಅವರ ಮುಂದೆ ಸರಿಸಿದರು. ಓಜೆಲ್ ಬಯ್ಗುಳ ಕೇಳುತ್ತಲೇ ಕುಡಿದರು. ಇಬ್ಬರಿಗೂ ಅದು ಗಮನಕ್ಕೆ ಬಂದಂತೆ ಕಾಣಲಿಲ್ಲ.

ರೆಕಾರ್ಡು ಮುಗಿಯಿತು, ನಾನು ಮೈಕುಗಳನ್ನು ತೆರೆದೆ. ಓಜೆಲ್ ಕಾಯಲಿಲ್ಲ. "ಥರ್ಮನ್, ಕೇಳಿಸ್ಕೊಳ್ತಿದೀಯಾ? ಆವತ್ತು ನಾನು ಹೇಳಿದ್ದು ಬೇರೆ. ಈ ಮನುಷ್ಯ ಅದನ್ನ ಅರ್ಧ ಕತ್ತರಿಸಿ ನಿನ್ನ ಮುಂದೆ ಇಟ್ಟ," ಎಂದರು.

ಸ್ಟ್ರೌಡರ ದನಿ ಜೇನಿನಂತಾಯಿತು. ಆ ದನಿಗೆ ನಾನು ಹೆದರುತ್ತೇನೆ. "ಶ್ರೋತೃಗಳೇ, ಇದು ಗಂಭೀರ ಆರೋಪ. ಕತ್ತರಿ ಹಿಡಿದು ನನಗೆ ಗೊತ್ತೇ ಇಲ್ಲ. ಮೂವತ್ತು ವರ್ಷದ ನೆನಪಿಗೆ ಅಂತ ಹಳೇ ಕಾರ್ಯಕ್ರಮಗಳ ಟೇಪು ತಂದಿಟ್ಟಿದೀವಿ. ಓಜೆಲ್ ಅವರ ಮಾತನ್ನ ಓಜೆಲ್ ಅವರಿಂದಲೇ ಕೇಳೋಣ. ವರ್ನಾ?"

ಅವರು ಮೊದಲೇ ಸಿದ್ಧವಾಗಿ ಬಂದಿದ್ದರು. ಟೇಪು ನನ್ನ ಎಡಗೈ ಪಕ್ಕದ ಯಂತ್ರದಲ್ಲೇ ಇತ್ತು. ನಾನು ಗುಂಡಿ ಒತ್ತಿದೆ. ನಲವತ್ತಾರು ವರ್ಷದ ಓಜೆಲರ ಗಟ್ಟಿ ದನಿ ಕೋಣೆ ತುಂಬಿತು: "ಥರ್ಮನ್ ಎಳೀತಾನೆ, ನಿಜ."

ಗಾಜಿನ ಆಚೆ ಎಪ್ಪತ್ತು ವರ್ಷದ ಓಜೆಲ್ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ತಮ್ಮ ದನಿಗೆ ತಾವೇ ಏನು ಉತ್ತರ ಕೊಟ್ಟಾರು? ಥರ್ಮನ್ ಕೇಟೋ ಇನ್ನು ಜನ್ಮದಲ್ಲಿ ಓಜೆಲರನ್ನು ನಂಬಲಾರರು. ಒಂದು ಸಲ ಆದ ಅನ್ಯಾಯವನ್ನು ನಾವು ಎರಡನೇ ಸಲ, ನೇರ ಪ್ರಸಾರದಲ್ಲಿ ಮಾಡಿದ್ದೆವು.

"ಇದಕ್ಕೇನಂತೀರಿ?" ಎಂದರು ಸ್ಟ್ರೌಡ್.

ನನ್ನ ಮುಂದೆಯೂ ಒಂದು ಮೈಕು ಇತ್ತು, ಹವಾಮಾನ ಹೇಳಲು. ಅದನ್ನು ತೆರೆದೆ.

"ನನ್ನ ಹೆಸರು ವರ್ನಾ ಪೆಟ್ವೇ," ಎಂದೆ. "ನಾನು ಈ ಕೇಂದ್ರದಲ್ಲಿ ಟೇಪು ಕತ್ತರಿಸೋಳು. ಆ ಮಾತು ಕತ್ತರಿಸಿದ್ದು ಸ್ಟ್ರೌಡ್ ಅವರಲ್ಲ, ನಾನು. ಹನ್ನೊಂದು ಸೆಕೆಂಡು ಹೆಚ್ಚಾಗಿತ್ತು, ಅದಕ್ಕೆ."

ಸ್ಟ್ರೌಡ್ ಕುರ್ಚಿಯಿಂದ ಅರ್ಧ ಎದ್ದರು. ಓಜೆಲ್ ನನ್ನತ್ತ ತಿರುಗಿ ನೋಡಿದ ನೋಟವನ್ನು ನಾನಿಲ್ಲಿ ಬರೆಯಲಾರೆ.

"ನನ್ನ ಮಾತು ನಂಬೋದು ಬೇಡ. ಇನ್ನೊಂದು ಸಲ ಹಾಕ್ತೀನಿ, 'ನಿಜ' ಅಂದ ಮೇಲೆ ಏನು ಕೇಳುತ್ತೆ ಗಮನಿಸಿ," ಎಂದು ಟೇಪನ್ನು ಹಿಂದಕ್ಕೆ ತಿರುಗಿಸಿ, ದನಿ ಏರಿಸಿ ಹಾಕಿದೆ. 'ನಿಜ' ಎಂದ ಮೇಲೆ ಓಜೆಲ್ ಉಸಿರು ಒಳಗೆ ಎಳೆದುಕೊಳ್ಳುವ ಸದ್ದು. ಅದು ಅರ್ಧಕ್ಕೇ ನಿಂತು ಸ್ಟ್ರೌಡರ ಮುಂದಿನ ಪ್ರಶ್ನೆ ಬಂತು. "ಮಾತು ಮುಗಿಸಿದವರು ಯಾರೂ ಉಸಿರು ಒಳಗೆ ಎಳ್ಕೊಳ್ಳಲ್ಲ. ಮುಂದೆ ಮಾತಾಡೋಕೆ ಎಳ್ಕೊಳ್ತಾರೆ. ನಾನು ಆ ಉಸಿರಿನ ಮಧ್ಯಕ್ಕೇ ಬ್ಲೇಡು ಇಟ್ಟಿದ್ದೆ. ಇದು ನನಗೆ ಇಷ್ಟು ವರ್ಷ ಗೊತ್ತಿತ್ತು."

ಶ್ರೋತೃಗಳ ಫೋನಿನ ದೀಪ ಮಿನುಗಿತು. ಎತ್ತಿಕೊಂಡೆ. ಒಂದು ಒರಟು ದನಿ, "ನಾನು ಕೇಟೋ. ಹಾಕಮ್ಮ ನನ್ನನ್ನ ಪ್ರಸಾರಕ್ಕೆ," ಎಂದಿತು. ಹಾಕಿದೆ.

"ಥರ್ಮನ್?" ಎಂದರು ಓಜೆಲ್.

"ನೀನು ಬಾಯಿ ಮುಚ್ಚು. ಆಯಮ್ಮನ ಹತ್ರ ಮಾತಾಡ್ತಿದೀನಿ. ಏನಮ್ಮಾ, ಅವನು ಆವತ್ತು ಹೇಳಿದ್ದು ಪೂರ್ತಿ ನೆನಪಿದೆಯಾ ನಿಮಗೆ?"

"ಅಕ್ಷರ ಬಿಡದ ಹಾಗೆ ನೆನಪಿದೆ."

"ಹೇಳಿ. ಒಂದೂ ಬಿಡಬೇಡಿ."

ಹೇಳಿದೆ. ಎಳೆಯುವುದು ನಿಜ ಎಂಬುದರಿಂದ ಹಿಡಿದು ಅಂಥವನು ಈ ಊರಲ್ಲಿ ಇನ್ನೊಬ್ಬನಿಲ್ಲ ಎಂಬುದರವರೆಗೆ.

ಆ ತುದಿಯಲ್ಲಿ ಸದ್ದಿಲ್ಲ. ರೇಡಿಯೋದವರಿಗೆ ಮೌನಕ್ಕಿಂತ ದೊಡ್ಡ ಭಯವಿಲ್ಲ. ಮೂರು ಸೆಕೆಂಡು ಮೀರಿದರೆ ಏನಾದರೂ ಹೇಳಿ ತುಂಬಲೇಬೇಕು. ಸ್ಟ್ರೌಡ್ ಮೈಕಿನತ್ತ ಬಾಗಿದರು. ನಾನು ಅವರ ಮೈಕು ಮುಚ್ಚಿದೆ. ಅವರು ಗಾಜಿನ ಆಚೆಯಿಂದ ಬಾಯಿ ಆಡಿಸುತ್ತಿದ್ದುದು ಕಾಣುತ್ತಿತ್ತು. ಊರಿಗೆ ಕೇಳಿಸಿದ್ದು ಥರ್ಮನ್ ಕೇಟೋ ಮನೆಯ ಗಡಿಯಾರದ ಸದ್ದು ಮಾತ್ರ.

"ನಾನು ಕಾಯ್ತಿದ್ದೆ ಅಂದನಾ?" ಎಂದಿತು ಆ ದನಿ ಕೊನೆಗೆ.

"ಹೌದು."

"ಅವನಿಗೋಸ್ಕರ?"

"ಹೌದು."

"ಸುಳ್ಳ!" ನನ್ನ ಮುಂದೆ ದನಿ ಅಳೆಯುವ ಸೂಜಿ ಕೆಂಪಿಗೆ ಹಾರಿತು. "ಬೊಗಳೆ ಬಿಡ್ತಾನೆ! ಜನ್ಮದಲ್ಲಿ ನಾನು ಯಾರಿಗೂ ಕಾದಿಲ್ಲ. ನಾನು ಇರಬೇಕಾದ ಜಾಗದಲ್ಲೇ ಇದ್ದೆ ಕಣಯ್ಯ ಓಜೆಲ್. ಓಡ್ತಿದ್ದೋನು ನೀನು! ಟಾಯ್ಲೆಟ್ಟಿಗೆ ಅವಸರ ಆದೋನ ಥರ ಓಡ್ತಿದ್ದೆ!"

ಓಜೆಲ್ ಮೈಕಿಗೆ ಬಾಗಿದರು. "ನಾನು ಓಡ್ತಿದ್ನಾ?"

"ಈಗ ತಾನೇ ಹಾಕಿದ್ರಲ್ಲ ಆ ಟ್ರಾಮು. ಎರಡನೇ ಸುತ್ತಲ್ಲಿ ನೀನು ಎಲ್ಲಿದ್ದೆ, ನಾನೆಲ್ಲಿದ್ದೆ? ಟ್ರಾಮಿಗಿಂತ ಮುಂಚೆ ಸ್ಟಾಪಿಗೆ ಹೋಗಿ ನಿಂತಿದೀಯಾ!"

"ನಿನ್ನ ಒಳ್ಳೇದಕ್ಕೆ ಮಾತಾಡೋಕೆ ಬಂದ್ರೆ..."

"ನಿನ್ನ ಒಳ್ಳೇ ಮಾತು ಯಾವನಿಗೆ ಬೇಕು? ಕತ್ತರಿಸಿದ್ದು ಒಂದು ಅವಮಾನ, ಕತ್ತರಿಸದೇ ಇದ್ದದ್ದು ಇನ್ನೂ ದೊಡ್ಡ ಅವಮಾನ! ಹತ್ತೊಂಬತ್ತು ವರ್ಷ ಕಾರಿನ ಬಾಗಿಲಿಗೆ ಬಣ್ಣ ಹೊಡೆದೆ ನಾನು. ಆ ಕಾರ್ಖಾನೆ ಬೆಲ್ಟು ಇದೆಯಲ್ಲ, ಅದು ಎಳೆಯೋದೂ ಇಲ್ಲ, ಓಡೋದೂ ಇಲ್ಲ. ನನಗೆ ಸಿಕ್ಕ ಒಳ್ಳೇ ಬ್ಯಾಂಡು ಅಂದ್ರೆ ಅದೊಂದೇ."

"ಹಾಗಾದ್ರೆ ಅದಕ್ಕೇ ಸ್ಯಾಕ್ಸೊಫೋನ್ ಕಲಿಸಬೇಕಿತ್ತು!"

ಹದಿನಾಲ್ಕು ನಿಮಿಷ ಹೀಗೇ ನಡೆಯಿತು. ಇಪ್ಪತ್ತನಾಲ್ಕು ವರ್ಷದ ಮೇಲೆ ಅವರಿಬ್ಬರು ಆಡಿದ ಮೊದಲ ಮಾತುಗಳು ಅವೇ. ಒಂದೂ ಒಳ್ಳೆಯದಿರಲಿಲ್ಲ. ಗಂಟೆ ಮೂರಾಗುವಾಗ ವಾರ್ತೆ ಹೋಗಲೇಬೇಕಿತ್ತು. ಅವರ ಮಾತನ್ನು ನಡುವೆ ಕಡಿಯಲು ನನ್ನಿಂದ ಆಗಲಿಲ್ಲ. ಫೋನನ್ನು ಹೊರಗಿನ ಹಜಾರಕ್ಕೆ ತಿರುಗಿಸಿ, ಓಜೆಲರಿಗೆ ಕೈಸನ್ನೆ ಮಾಡಿದೆ. ಅವರು ಬಯ್ಯುತ್ತಲೇ ಎದ್ದು ಹೋಗಿ, ಅಲ್ಲಿಯ ಫೋನು ಎತ್ತಿ, ಬಿಟ್ಟಲ್ಲಿಂದಲೇ ಮುಂದುವರಿಸಿದರು.

ಸ್ಟ್ರೌಡ್ ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಮುಖ ಬೂದಿ ಬಣ್ಣವಾಗಿತ್ತು.

"ನನ್ನ ಮೈಕು ಮುಚ್ಚಿದೆ ನೀನು."

"ಮುಚ್ಚಿದೆ."

"ಮೂವತ್ತು ವರ್ಷದ ದಿನ, ನನ್ನ ಕಾರ್ಯಕ್ರಮದಲ್ಲಿ. ಸೋಮವಾರದಿಂದ ನೀನು ಬೇರೆ ಯಾರದಾದರೂ ಗುಂಡಿ ಒತ್ತು ವರ್ನಾ. ನನ್ನದು ಬೇಡ."

"ಆಗಲಿ," ಎಂದೆ.

ಹೋಗಲು ತಿರುಗಿದವರು ನಿಂತರು. "ನಾನೇ ಕತ್ತರಿಸಿದ್ದು ಅಂತ ಅವನು ಊರೆಲ್ಲ ಹೇಳ್ಕೊಂಡು ಬಂದ. ಒಂದು ದಿನವೂ ನಿನ್ನ ಹೆಸರು ನಾನು ಎತ್ತಲಿಲ್ಲ," ಎಂದರು. ಅದು ನಿಜವಾಗಿತ್ತು. ಆ ಮಾತಿಗೆ ಕೃತಜ್ಞತೆ ಹೇಳುವಷ್ಟರಲ್ಲಿ ಅವರು ಬಾಗಿಲನ್ನು ದಡಾರನೆ ಹಾಕಿಕೊಂಡು ಹೋಗಿದ್ದರು.

ಹಜಾರದಲ್ಲಿ ಓಜೆಲ್ ಫೋನಿಟ್ಟರು.

"ಡೆಕ್ಸ್ಟರ್ ರಸ್ತೆಗೆ ಹೋಗೋ ಬಸ್ಸು ಎಲ್ಲಿ ನಿಲ್ಲುತ್ತೆ?"

"ಯಾಕೆ?"

"ನಾನು ಓಡ್ತೀನಿ ಅಂತ ತೋರಿಸ್ತಾನಂತೆ. ಅವನ ನೆಲಮಾಳಿಗೇಲಿ ಡ್ರಮ್ಸು ಇನ್ನೂ ಇದೆಯಂತೆ. ಧೈರ್ಯ ಇದ್ರೆ ಈಗಲೇ ಬಾ ಅಂದ."

"ನನ್ನ ಕಾರಿದೆ. ನಾನು ಕರ್ಕೊಂಡು ಹೋಗ್ತೀನಿ."

"ನಿನ್ನ ಕಾರು ಬೇಡ. ನಿನ್ನ ಮುಖ ನೋಡೋಕೂ ನನಗೆ ಇಷ್ಟ ಇಲ್ಲ."

"ಕಾರು ಓಡಿಸುವಾಗ ನಾನು ಮುಂದೆ ನೋಡ್ತಿರ್ತೀನಿ. ನೀವು ಹಿಂದೆ ಕೂತ್ಕೊಳ್ಳಿ."

ಹಿಂದೆ ಕೂತರು. ಕನ್ನಡಿಯಲ್ಲಿ ನೋಡಿದಾಗ ಸ್ಯಾಕ್ಸೊಫೋನಿನ ಊದುವ ತುದಿಯ ರೀಡನ್ನು ಬಾಯಲ್ಲಿಟ್ಟು ಒದ್ದೆ ಮಾಡಿಕೊಳ್ಳುತ್ತಿದ್ದರು.

ಬಾಗಿಲು ತೆರೆದದ್ದು ಥರ್ಮನ್. ಬೋಳು ತಲೆ, ಅಗಲ ಹೆಗಲು. ಓಜೆಲರನ್ನು ಮೇಲಿಂದ ಕೆಳಗೆ ನೋಡಿ, "ಮುದುಕನಾಗಿದೀಯ," ಎಂದರು.

"ನೀನು ಹುಟ್ಟಿದ್ದೇ ಮುದುಕನಾಗಿ."

ಆಮೇಲೆ ನನ್ನನ್ನು ನೋಡಿದರು. "ನೀವೇನಾ ಆ ಬ್ಲೇಡಿನಮ್ಮ?"

"ಹೌದು. ಕ್ಷಮಿಸಿ ಅಂತ ಕೇಳೋಕೆ ಬಂದೆ."

"ಕ್ಷಮಿಸೋದಿಲ್ಲ," ಎಂದರು ಥರ್ಮನ್. "ಮೆಟ್ಟಿಲು ಕತ್ತಲೆ, ಕಂಬಿ ಹಿಡ್ಕೊಂಡು ಇಳೀರಿ."

ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕ ಡ್ರಮ್ಸ್ ಇತ್ತು. ತಾಳದ ತಟ್ಟೆಗಳ ಮೇಲೆ ಧೂಳಿನ ಸುಳಿವಿರಲಿಲ್ಲ. ಲರ್ಲೀನ್ ನನಗೊಂದು ಮಡಚುವ ಕುರ್ಚಿ ತಂದು ಹಾಕಿದರು. ಥರ್ಮನ್ ಕೂತು, ಕಡ್ಡಿಗಳನ್ನು ಒಂದಕ್ಕೊಂದು ನಾಲ್ಕು ಸಲ ಬಡಿದು ಲಯ ಕೊಟ್ಟರು. ಓಜೆಲ್ ಸ್ಯಾಕ್ಸೊಫೋನಿನಲ್ಲಿ ಅದನ್ನು ಹಿಡಿದುಕೊಂಡರು. ಮೊದಲ ಸುತ್ತು ಮುಗಿಯುವ ಮೊದಲೇ ಇಬ್ಬರೂ ನಿಲ್ಲಿಸಿ ಬಯ್ದಾಡಿದರು. ಮತ್ತೆ ಶುರು ಮಾಡಿದರು, ಮತ್ತೆ ನಿಲ್ಲಿಸಿದರು. ಐದನೇ ಸಲ ಕೊನೆಯವರೆಗೂ ಹೋದರು. ಓಜೆಲರ ಉಸಿರು ಮೊದಲಿನಂತಿರಲಿಲ್ಲ, ಥರ್ಮನ್ನರ ಬಲ ಮಣಿಕಟ್ಟು ಮೊದಲಿನಂತಿರಲಿಲ್ಲ. ಆದರೂ ಕೊನೆಯ ಸುತ್ತಿನಲ್ಲಿ ನಾನು ಕುರ್ಚಿಯ ಅಂಚಿಗೆ ಬಂದು ಕೂತಿದ್ದೆ.

ನಿಂತ ಮೇಲೆ ಇಬ್ಬರೂ ಏದುಸಿರು ಬಿಡುತ್ತ ನನ್ನತ್ತ ತಿರುಗಿದರು.

"ಮೂವತ್ತು ವರ್ಷ ಕಿವಿ ಇಟ್ಟು ಕೂತವಳಲ್ಲವೇನಮ್ಮ ನೀನು," ಎಂದರು ಓಜೆಲ್. "ಹೇಳು. ಯಾರದು ಸರಿ?"

"ಹೇಳಿ," ಎಂದರು ಥರ್ಮನ್. "ಮುಲಾಜು ಬೇಡ."

ಒಂದು ಸಿಹಿ ಸುಳ್ಳು ಹೇಳಿದ್ದರೆ ಅಂದು ಎಲ್ಲ ಸುಸೂತ್ರವಾಗುತ್ತಿತ್ತೋ ಏನೋ. ಆ ಇಬ್ಬರಿಗೆ ನಾನು ಸಲ್ಲಿಸಬೇಕಾದದ್ದು ಅದಾಗಿರಲಿಲ್ಲ.

"ಓಜೆಲ್ ಅವರೇ, ನೀವು ಓಡ್ತೀರಿ," ಎಂದೆ.

ಥರ್ಮನ್ ತೊಡೆ ತಟ್ಟಿಕೊಂಡು ಎದ್ದೇಬಿಟ್ಟರು. "ಕೇಳಿದೆಯೇನೋ!"

"ತಡೀರಿ, ನನ್ನ ಮಾತು ಮುಗಿದಿಲ್ಲ. ನೀವು ಎಳೀತೀರಿ, ಥರ್ಮನ್ ಅವರೇ. ಇಬ್ಬರೂ ಮಾಡ್ತೀರಿ. ರೆಕಾರ್ಡಲ್ಲೂ ಹಾಗೇ ಇದೆ. ಅದಕ್ಕೇ ಅದು ಚೆನ್ನಾಗಿರೋದು."

ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಮೇಲೆ ಬಿದ್ದರು.

"ಟೇಪು ಕೊಯ್ಯೋಳಿಗೆ ಲಯದ ವಿಷಯ ಏನು ಗೊತ್ತು?"

"ನಾನು ಎಳೀತೀನಾ? ನನ್ನ ಮನೇಲಿ ಕೂತ್ಕೊಂಡು?"

"ಇವಳನ್ನ ಯಾಕೋ ಒಳಗೆ ಬಿಟ್ಟೆ ನೀನು?"

"ಕರ್ಕೊಂಡು ಬಂದೋನು ನೀನು!"

"ನಾನೆಲ್ಲಿ ಕರ್ಕೊಂಡು ಬಂದೆ? ಅವಳೇ ನನ್ನನ್ನ ಕರ್ಕೊಂಡು ಬಂದಿದ್ದು!"

"ಕಿವೀನ ಡಾಕ್ಟರಿಗೆ ತೋರಿಸೋಕೆ ಹೇಳು ಇವಳಿಗೆ!"

ಲರ್ಲೀನ್ ಮೇಲಿನಿಂದ ಗೆಣಸು ತುಂಬಿದ ಸಿಹಿ ಪೈ ಹಿಡಿದು ಇಳಿದು ಬಂದರು. ಅವರಿಬ್ಬರತ್ತ ನೋಡಲೂ ಇಲ್ಲ. ದೊಡ್ಡದೊಂದು ತುಂಡು ಕೊಯ್ದು ತಟ್ಟೆಯನ್ನು ನನ್ನ ತೊಡೆಯ ಮೇಲಿಟ್ಟು, "ತಿನ್ನಿ, ತಿನ್ನಿ. ಇನ್ನೂ ಬಹಳ ಹೊತ್ತು ಬಯ್ತಾರೆ," ಎಂದರು.